ಪದಚರ್ಚೆ: ಪಾರ್ಕಿನ ಕಲ್ಲುಗಂಬಗಳಿಗೆ ‘ತೂಬು’ ಎಂದರೆ ಸಾಕೇ?

ಮಾನ್ಯರೇ,

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ ನಮ್ಮ ಬಡಾವಣೆಯ ಪಾರ್ಕಿನಲ್ಲಿ, ಮಕ್ಕಳ ಜಾರುಬಂಡೆಯಿಂದ ಹತ್ತು ಹೆಜ್ಜೆ ಆಚೆ, ಎರಡು ಕಲ್ಲುಗಂಬಗಳು ಅಕ್ಕಪಕ್ಕ ನಿಂತಿವೆ. ಅವುಗಳ ನಡುವೆ ಒಂದರ ಕೆಳಗೊಂದು ಎರಡು ಅಡ್ಡ ಚಪ್ಪಡಿಗಳಿದ್ದು, ಎರಡರ ನಟ್ಟನಡುವೆಯೂ ಮುಷ್ಟಿ ತೂರುವಷ್ಟು ದುಂಡನೆಯ ರಂಧ್ರವಿದೆ. ಇಷ್ಟು ದಿನ ಹುಡುಗರು ಅದಕ್ಕೆ ಬ್ಯಾಡ್ಮಿಂಟನ್ ನೆಟ್ ಕಟ್ಟುತ್ತಿದ್ದರು. ಈಗ ನಿವಾಸಿಗಳ ಸಂಘವು ಅಲ್ಲೊಂದು ಫಲಕ ಹಾಕಿಸಲು ಹೊರಟಿದೆ. ಇಂಗ್ಲಿಷ್ ಪಠ್ಯದ ‘ಸ್ಲೂಸ್’, ‘ಟ್ಯಾಂಕ್ ಬಂಡ್’, ‘ಟ್ಯಾಂಕ್ ಬೆಡ್’ ಎಂಬ ಪದಗಳಿಗೆ ಅನುವಾದಕರು ‘ಜಲನಿಯಂತ್ರಣ ದ್ವಾರ’, ‘ಜಲಾಶಯದ ಒಡ್ಡು’, ‘ಜಲಾಶಯದ ತಳಪ್ರದೇಶ’ ಎಂದು ಬರೆದುಕೊಟ್ಟಿದ್ದಾರೆ. ಬಡಾವಣೆಗಿಂತ ಮೊದಲಿದ್ದ ಹಳ್ಳಿಯವರೇ ಆದ ಸೊಪ್ಪಿನ ಅಜ್ಜಿಯನ್ನು ಕೇಳಿದರೆ, ‘ಅದು ತೂಬಲ್ವೇನಪ್ಪಾ’ ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದರು. ತೂಬು ಎಂದರೆ ನೀರು ಹೊರಡುವ ಕಂಡಿ ಮಾತ್ರವೋ, ಕಂಬಗಳೂ ಸೇರಿಯೋ? ಫಲಕ ಬರೆಯುವವರು ಶುಕ್ರವಾರ ಬರುತ್ತಾರೆ.

ಉತ್ತರ:

ಕಂಬಗಳೂ ಸೇರಿಯೇ. ಚಪ್ಪಡಿಗಳ ತೂತುಗಳ ಮೂಲಕ ಉದ್ದನೆಯ ಕೋಲೊಂದು ಕೆಳಗಿಳಿಯುತ್ತದೆ. ಅದರ ತುದಿಯ ಮರದ ಬಿರಡೆ ತಳದ ಕಂಡಿಯನ್ನು ಮುಚ್ಚಿರುತ್ತದೆ. ಕೆರೆಯ ನೀರು ಬಿಡುವ ನೀರಗಂಟಿ ಕೋಲನ್ನು ಎತ್ತಿದಾಗ ನೀರು ಏರಿಯ, ಅಂದರೆ ಕೆರೆಯ ಕಟ್ಟೆಯ, ಅಡಿಯ ಕಲ್ಲುಗಾಲುವೆಯಲ್ಲಿ ಹಾದು ಅಚ್ಚುಕಟ್ಟಿನ, ಅಂದರೆ ಆ ಕೆರೆಯ ನೀರುಣ್ಣುವ, ಗದ್ದೆಗಳಿಗೆ ಹೋಗುತ್ತದೆ. ಈ ಇಡೀ ಏರ್ಪಾಟಿಗೇ ತೂಬು ಎಂದು ಹೆಸರು. ಕಂಬಗಳು ನಿಲ್ಲುವುದು ಏರಿಯ ಒಳಬದಿಯಲ್ಲಿ, ನೀರಿನೊಳಗೆ. ಆದ್ದರಿಂದ ಕಂಬಗಳ ಒಂದು ಪಕ್ಕಕ್ಕೆ ಎತ್ತರದ ರಸ್ತೆಯೇನಾದರೂ ಇದ್ದರೆ ಅದೇ ಹಳೆಯ ಏರಿ, ಇನ್ನೊಂದು ಪಕ್ಕದ್ದೆಲ್ಲ ಕೆರೆಯಂಗಳ. ನಿಮ್ಮ ಮೂರು ಪದಗಳೂ ಇಲ್ಲೇ ಸಿಕ್ಕವು. ಜಲಾಶಯ ಎಂದರೆ ಜನರಿಗೆ ಕೃಷ್ಣರಾಜಸಾಗರ ನೆನಪಾಗುತ್ತದೆಯೇ ಹೊರತು ಹಳ್ಳಿಯ ಕೆರೆಯಲ್ಲ. ‘ಜಲನಿಯಂತ್ರಣ ದ್ವಾರ’ವಂತೂ ಚರ್ಚೆಗೂ ಅರ್ಹವಲ್ಲ.

ತೂಬು ಹುಟ್ಟಿದ್ದು ತೂತಿನಿಂದ ಎಂಬುದನ್ನು ನಾನು ಬಹಳ ವರ್ಷಗಳಿಂದ ಹೇಳುತ್ತಾ ಬಂದಿದ್ದೇನೆ. ಕನ್ನಡದ ಪದ ಕೇಳಲು ಬಂದವರೇ ‘ರಂಧ್ರ’ ಎಂದು ಬರೆದಿರುವುದನ್ನು ನೋಡಿ ಬೇಸರವಾಯಿತು. ತೂತಿಗೇನು ಬಂದಿತ್ತು?

ಇನ್ನೊಂದು ಉತ್ತರ:

ಅರ್ಥದ ವಿಷಯದಲ್ಲಿ ಮೇಲಿನವರು ಹೇಳಿದ್ದು ಸರಿ, ಹುಟ್ಟಿನ ವಿಷಯದಲ್ಲಿ ಅಲ್ಲ. ಹಳೆಯ ರೂಪ ‘ತೂಂಬು’. ತಮಿಳಿನಲ್ಲಿ ಇಂದಿಗೂ ತೂಂಬು, ತೆಲುಗಿನಲ್ಲಿ ತೂಮು. ದೀರ್ಘ ಸ್ವರದ ಮುಂದಿನ ಅನುನಾಸಿಕ ಕನ್ನಡದಲ್ಲಿ ಬಿದ್ದುಹೋಗುವುದು ಹೊಸದೇನಲ್ಲ: ತೋಂಟ ತೋಟವಾಯಿತು, ದಾಂಟು ದಾಟು ಆಯಿತು, ತೋಂಟದ ಸಿದ್ಧಲಿಂಗರ ಹೆಸರಿನಲ್ಲಿ ಮಾತ್ರ ಹಳೆಯ ರೂಪ ಉಳಿದುಕೊಂಡಿದೆ. ‘ತೂತು’ವಿನ ಕಥೆಯಲ್ಲಿ ಆ ‘ಮ’ಕಾರಕ್ಕೆ ಎಡೆಯೇ ಇಲ್ಲ.

ಫಲಕದ ದೃಷ್ಟಿಯಿಂದ ಒಂದು ಮಾತು. ತಮಿಳಿನಲ್ಲಿ ‘ಏರಿ’ ಎಂದರೆ ಕೆರೆ, ಕನ್ನಡದಲ್ಲಿ ಕೆರೆಯ ಕಟ್ಟೆ. ಎರಡೂ ಭಾಷೆ ಆಡುವವರಿರುವ ಬಡಾವಣೆಯಲ್ಲಿ ‘ಕೆರೆ ಏರಿ’ ಎಂದು ಬಿಡಿಸಿ ಬರೆಯುವುದು ಒಳ್ಳೆಯದು. ಎಚ್‌ಎಸ್‌ಆರ್ ಬಡಾವಣೆಗೆ ಅಂಟಿಕೊಂಡಿರುವ ಅಗರದಲ್ಲಿ ಸಿಕ್ಕ, ಒಂಬತ್ತನೆಯ ಶತಮಾನದ ಗಂಗರ ಕಾಲದ ಶಾಸನವು ಎರಡು ಕೆರೆಗಳಿಗೆ ತೂಬು ಇಡಿಸಿ ಮೂರನೆಯದೊಂದನ್ನು ಕಟ್ಟಿಸಿದ ಸಂಗತಿಯನ್ನು ಹೇಳುತ್ತದೆ. ಸಾವಿರ ವರ್ಷಕ್ಕೂ ಮಿಕ್ಕಿ ಇದೇ ಊರಿನಲ್ಲಿ ಬಳಕೆಯಲ್ಲಿರುವ ವಸ್ತುವಿಗೆ ಅನುವಾದ ಹುಡುಕಬೇಕಾಗಿ ಬಂದದ್ದೇ ಸೋಜಿಗ.

ಸಂಸ್ಕೃತವನ್ನು ಕಂಡಲ್ಲಿ ಕಿತ್ತುಹಾಕುವ ಉತ್ಸಾಹ ನನಗಿಲ್ಲ. ಜಕ್ಕಸಂದ್ರ, ಸಿಂಗಸಂದ್ರ, ಬೊಮ್ಮಸಂದ್ರಗಳ ‘ಸಂದ್ರ’ವು ‘ಸಮುದ್ರ’ದ ಸವೆದ ರೂಪ, ಇಲ್ಲಿನ ಒಕ್ಕಲು ಮಕ್ಕಳು ತಮ್ಮ ಕೆರೆಯನ್ನು ಸಮುದ್ರವೆಂದು ಕರೆದು, ಬಾಯಿಗೆ ಹೊಂದುವಂತೆ ತೇಯ್ದುಕೊಂಡರು. ಮನೆಗಳ ಸಾಲಿನಡಿ ಕೆರೆ ಮುಚ್ಚಿಹೋದ ಕಡೆಯೂ ಆ ತೇಯ್ದ ಪದ ಉಳಿದಿದೆ. ಅದನ್ನೂ ತೆಗೆಯುತ್ತೀರಾ? ಮರಾಠಿ, ಹಿಂದೂಸ್ತಾನಿಗಳ ಕಡೆಯಿಂದ ಬಂದ ‘ಬಡಾವಣೆ’ಯ ಮೇಲೆ ಮಾತ್ರ ಯಾರೂ ಕೋಪಿಸಿಕೊಂಡಂತೆ ಕಾಣಲಿಲ್ಲ.

ಮೊದಲು ಉತ್ತರಿಸಿದವರಿಂದ:

ತೂತಿಲ್ಲದ ತೂಬನ್ನು ಯಾರಾದರೂ ತೋರಿಸಿದರೆ ನನ್ನ ಅಭಿಪ್ರಾಯವನ್ನು ಬದಲಿಸಿಕೊಳ್ಳುತ್ತೇನೆ. ‘ಬಡಾವಣೆ’ಯೂ ಹೋಗಬೇಕಾದದ್ದೇ. ಪೇಟೆ, ಪಾಳ್ಯ, ಕೇರಿ ಎಂದು ಊರು ಬೆಳೆಸಿದವರಿಗೆ ಹೊರಗಿನ ಪದದ ಹಂಗು ಬೇಕಿರಲಿಲ್ಲ.

ಪ್ರಶ್ನೆ ಕೇಳಿದವರಿಂದ:

ಇಬ್ಬರಿಗೂ ಕೃತಜ್ಞತೆಗಳು. ಪಾಳ್ಯವೋ ಬಡಾವಣೆಯೋ ಎಂಬುದನ್ನು ತಾವು ಮುಂದುವರಿಸಬಹುದು. ನಮ್ಮ ನಿವೇಶನಗಳ ಕ್ರಯಪತ್ರಗಳಲ್ಲಿ ‘ಬಡಾವಣೆ’ ಎಂದೇ ಇರುವುದರಿಂದ ನಾನು ಅದರ ಗೊಡವೆಗೆ ಹೋಗುವುದಿಲ್ಲ.

ನಿನ್ನೆ ಸಂಜೆ ಪಾರ್ಕಿಗೆ ಹೋಗಿ ನೋಡಿದೆ. ಕಂಬಗಳ ಪೂರ್ವಕ್ಕೆ, ಬೇಲಿಯಾಚೆ, ಆಟೊಗಳು ಗೇರ್ ಬದಲಿಸಿ ಏರುವ ಮುಖ್ಯರಸ್ತೆಯಿದೆ. ಹದಿನಾಲ್ಕು ವರ್ಷಗಳಿಂದ ದಿನವೂ ಅದೇ ದಾರಿಯಲ್ಲಿ ಓಡಾಡಿದರೂ ಆ ಏರು ಎಲ್ಲಿಂದ ಬಂತೆಂದು ಯೋಚಿಸಿರಲಿಲ್ಲ. ರಸ್ತೆಯಾಚೆಯ ಮನೆಗಳೆಲ್ಲ ತಗ್ಗಿನಲ್ಲಿವೆ, ಅದೇ ಅಚ್ಚುಕಟ್ಟಿರಬೇಕು. ಹಾಗಾದರೆ ನನ್ನ ಮನೆ ಕೆರೆಯಂಗಳದಲ್ಲಿದೆ. ಜೋರು ಮಳೆ ಬಂದಾಗ ನಮ್ಮ ಅಡ್ಡರಸ್ತೆಯಲ್ಲೇ ನೀರು ನಿಲ್ಲುವುದಕ್ಕೆ ಚರಂಡಿಯವರನ್ನಷ್ಟೇ ಬೈದುಕೊಳ್ಳುತ್ತಿದ್ದೆ.

ಅಂತಿಮಗೊಳಿಸಿದ ಪಠ್ಯ ಹೀಗಿದೆ: ‘ಇದು ಇಲ್ಲಿದ್ದ ಕೆರೆಯ ತೂಬು. ಪೂರ್ವದ ಮುಖ್ಯರಸ್ತೆಯೇ ಕೆರೆ ಏರಿ. ನೀವು ನಿಂತಿರುವುದು ಕೆರೆಯಂಗಳದಲ್ಲಿ.’ ತಿದ್ದುಪಡಿಗಳಿದ್ದರೆ ಗುರುವಾರ ರಾತ್ರಿಯೊಳಗೆ ತಿಳಿಸಬೇಕಾಗಿ ವಿನಂತಿ.