ಸಿಸ್ಟರ್ ಹತ್ರ ಕೇಳಿ: ತೀರ್ಥ, ನೂಲು, ಉಪವಾಸ

ಅಡ್ಮಿನ್: ಮಂಗಳೂರಿನ ಐಸಿಯುನಲ್ಲಿ 20 ವರ್ಷ ದುಡಿದ ಸಿಸ್ಟರ್ 9 ಗಂಟೆಯವರೆಗೆ ಇರ್ತಾರೆ. ರೋಗಿಯ ನಂಬಿಕೆ, ಆಚರಣೆ ಬಗ್ಗೆ ಮಾತ್ರ ಕೇಳಿ. ಫಾರ್ವರ್ಡ್ ಬೇಡ.

ಬಂಟ್ವಾಳ: ಅಮ್ಮನಿಗೆ ಸ್ಟ್ರೋಕ್, ಮೂಗಿನಲ್ಲಿ ಟ್ಯೂಬ್ ಉಂಟು. ಕಟೀಲು ದೇವಸ್ಥಾನದ ತೀರ್ಥ ಒಂದು ಚಮಚ ಕೊಡ್ಲಿಕ್ಕೆ ನರ್ಸ್ ಬಿಡ್ಲಿಲ್ಲ. ಬೇರೆ ಧರ್ಮದವಳು, ಅದಕ್ಕೇ ಇರ್ಬೇಕು.

ಸಿಸ್ಟರ್: ಅದಕ್ಕಲ್ಲ. ಸ್ಟ್ರೋಕ್ ಆದಾಗ ನುಂಗುವ ಶಕ್ತಿ ಸೋತಿರ್ತದೆ. ನೀರು ತೆಳು, ಗಂಜಿಗಿಂತ ಬೇಗ ಜಾರಿ ಶ್ವಾಸಕೋಶಕ್ಕೆ ಇಳೀತದೆ. ಕೆಲವರಿಗೆ ಕೆಮ್ಮೂ ಬರುವುದಿಲ್ಲ. ಆಮೇಲೆ ಜ್ವರ, ನ್ಯುಮೋನಿಯಾ. ತೀರ್ಥ ಆದ್ರೂ ಅಷ್ಟೇ, ಮೆಕ್ಕಾದ ಝಂಝಂ ನೀರು ಆದ್ರೂ ಅಷ್ಟೇ. ಆದ್ರೆ ಬರೀ "ಬೇಡ" ಅಂತ ಹೇಳಿ ಹೋದದ್ದು ಸರಿಯಲ್ಲ. ಅವರ ಹತ್ರವೇ ಕೇಳಿ: ತಲೆ ಎತ್ತರಿಸಿ, ಹತ್ತಿಯನ್ನು ತೀರ್ಥದಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ತುಟಿಗೆ ಮುಟ್ಟಿಸಬಹುದಾ ಅಂತ. ತುಳಸಿ ಎಲೆ ಬಾಯಿಗೆ ಬೇಡ. ಅಮ್ಮನಿಗೆ ಕೇಳಿಸ್ತದಾ? ಹಾಗಾದ್ರೆ ಕಿವಿಯ ಹತ್ರ "ಕಟೀಲಿಂದ ತಂದದ್ದು" ಅಂತ ಹೇಳಿ. ನಮ್ಮಲ್ಲಿ ಒಬ್ಬರು ಅಜ್ಜಿ ಅಷ್ಟು ಕೇಳಿ ಕೈ ಮುಗೀಲಿಕ್ಕೆ ನೋಡಿದ್ರು. ಎದ್ದದ್ದು ಒಂದೇ ಕೈ. ನುಂಗುವ ಪರೀಕ್ಷೆ ಆಯ್ತಾ? ನಾಳೆ ತಿಳಿಸಿ.

ಕುಲಶೇಖರ: ಐಸಿಯುಗೆ ಫಾದರ್ ಬಂದು ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡ್ಬಹುದಾ?

ಉಳ್ಳಾಲ: ತಂದೆಗೆ ಇನ್ಸುಲಿನ್ ಉಂಟು. ರಂಝಾನ್ ಉಪವಾಸ?

ಸಿಸ್ಟರ್: ತಿಂಗಳು ಮೊದಲೇ ಡಾಕ್ಟರಿಗೆ ತೋರಿಸಿ, ಡೋಸ್ ಬದಲಾಗ್ಬೇಕು. ಸಕ್ಕರೆ 70ಕ್ಕಿಂತ ಇಳಿದ್ರೆ ಆಗಲೇ ಉಪವಾಸ ಬಿಡ್ಬೇಕು, ಸಂಜೆಯ ಮಗ್ರಿಬ್ ನಮಾಝಿಗೆ ಕಾಯ್ಬಾರ್ದು. ಕಾಯಿಲೆಯವರಿಗೆ ವಿನಾಯಿತಿ ಉಂಟು, ಉಸ್ತಾದರ ಹತ್ರವೂ ಕೇಳಿ.

ಕಾರ್ಕಳ: ಏಕಾದಶಿಗೆ ಇನ್ಸುಲಿನ್?

ಸಿಸ್ಟರ್: ಮೇಲೆ ಓದಿ.

ಸುರತ್ಕಲ್: ಬಂಟ್ವಾಳದವರು ಹೇಳಿದ್ದು ಸರಿ. ನಮ್ಮವರಾಗಿದ್ರೆ ಕೊಡ್ತಿದ್ರು.

ಮಣಿಪಾಲ: ನಿಮ್ಮ ಮನೆಯವರಿಗೆ ಬೆಡ್‌ಪ್ಯಾನ್ ಇಟ್ಟವಳ ಜಾತಿ ಕೇಳಿದ್ರಾ ಮಾರಾಯ್ರೆ?

ಸುರತ್ಕಲ್: ನಿಮ್ಮ ಹತ್ರ ಮಾತಾಡಿದ್ದಲ್ಲ.

ಕಾಪು: ಫಾರ್ವರ್ಡ್: "ಮಂತ್ರಿಸಿದ ಬೊಂಡ (ಎಳನೀರು) 21 ದಿನ ಕುಡಿದರೆ ಡಯಾಲಿಸಿಸ್ ಬೇಡ!!"

ಸಿಸ್ಟರ್: ಅಳಿಸಿ, ಈಗಲೇ. ಬೊಂಡದಲ್ಲಿ ಪೊಟ್ಯಾಶಿಯಂ ತುಂಬಿದೆ. ಕಿಡ್ನಿ ಸೋತವರಿಗೆ ಅದು ಏರಿದ್ರೆ ಹೃದಯ ನಿಲ್ತದೆ. ಮಂತ್ರಕ್ಕೆ ನನ್ನ ತಕರಾರಿಲ್ಲ, ರೋಗಿಯ ಪಕ್ಕ ಕೂತು ಜಪಿಸಿ. ಕುಡಿಸ್ಬೇಡಿ.

ಕಾಪು: ಕಳಿಸಿದ್ದು ಮಾತ್ರ, ನಾನು ಬರೆದದ್ದಲ್ಲ.

ಮೂಡುಬಿದಿರೆ: ಡಯಾಲಿಸಿಸ್‌ನಲ್ಲಿ ಅಪ್ಪನ ಕೈಯ ನೂಲು ಕತ್ತರಿಸಿದ್ರು.

ಸಿಸ್ಟರ್: ಫಿಸ್ಟುಲಾ, ಅಂದ್ರೆ ಡಯಾಲಿಸಿಸ್ ಸೂಜಿ ಹಾಕ್ಲಿಕ್ಕೆ ರಕ್ತನಾಳ ಜೋಡಿಸಿದ್ದು, ಇರುವ ಕೈಗೆ ಬಿಗಿಯಾದ್ದು ಏನೂ ಬೇಡ. ಇನ್ನೊಂದು ಕೈಗೆ ಕಟ್ಟಿ. ಕೇಳದೆ ಕತ್ತರಿಸಿದ್ದು ತಪ್ಪು.

ಉಡುಪಿ: ಆಕ್ಸಿಜನ್ ಇರುವಾಗ ಸಣ್ಣ ದೀಪ ಇಡ್ಬಹುದಾ?

ಸಿಸ್ಟರ್: ಇಲ್ಲ. ಬೆಂಕಿ ಹಿಡೀತದೆ.

ಪಡುಬಿದ್ರಿ: ಊದುಬತ್ತಿ?

ಸಿಸ್ಟರ್: ಅದು ಬೆಂಕಿ ಅಲ್ವಾ?

ಸುರತ್ಕಲ್: ಸಿಸ್ಟರ್ ಸ್ವಲ್ಪ ಮರ್ಯಾದೆಯಲ್ಲಿ ಮಾತಾಡಿದ್ರೆ ಒಳ್ಳೇದು.

ಸಿಸ್ಟರ್: ನೈಟ್ ಡ್ಯೂಟಿ ಉಂಟು. ಹೊರಟೆ.

ಕುಲಶೇಖರ: ಫಾದರ್ ವಿಷಯ ಕೇಳಿದ್ದೆ...