ನೀಲಿ ಮೀನು ಗಂಡಲ್ಲ

ಅಕ್ಕ: (ಚಿತ್ರ) ನೀಲಿ ಮೀನು ಮೂರು ದಿನಗಳಿಂದ ಏನನ್ನೂ ಮುಟ್ಟುತ್ತಿಲ್ಲ. ಗಂಟಲು ಊದಿಕೊಂಡಿದೆ. ಅಂಗಡಿಯವರು ಔಷಧಿ ಕೊಟ್ಟಿದ್ದಾರೆ, ರಾತ್ರಿ ತೊಟ್ಟಿಗೆ ಹಾಕುತ್ತೇನೆ.

ನಾನು: ದಯವಿಟ್ಟು ಹಾಕಬೇಡ. ಅದರ ಬಾಯಲ್ಲಿ ಮೊಟ್ಟೆಗಳಿವೆ ಎಂದು ಅನಿಸುತ್ತಿದೆ.

ಚಿಕ್ಕಮ್ಮ: (ಚಿತ್ರ) ಬೆಳಿಗ್ಗೆ ಬಂದ ಈ ಕಾರ್ಡ್ ನೋಡು. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಕುಟುಂಬದ ಮೀನುಗಳಲ್ಲಿ ನೀಲಿ ಗಂಡು, ಹಳದಿ ಹೆಣ್ಣು. ಗಂಡಿನ ಬಾಯಿಗೆ ಮೊಟ್ಟೆ ಎಲ್ಲಿಂದ ಬಂತು?

ನಾನು: ಚಿಕ್ಕಮ್ಮ, ಆ ಕಾರ್ಡಿನಲ್ಲಿರುವುದು ಸೌಲೋಸಿ ಎಂಬ ಒಂದು ಜಾತಿ. ಅದರ ಮಟ್ಟಿಗೆ ಮಾತು ಸರಿ. ಅಕ್ಕ, ತಂದಾಗ ನಿನ್ನ ಮರಿಗಳು ಯಾವ ಬಣ್ಣದಲ್ಲಿದ್ದವು?

ಅಕ್ಕ: ಐದೂ ತಿಳಿನೀಲಿ, ಮೈಮೇಲೆ ಕಪ್ಪು ಪಟ್ಟೆ. ದೊಡ್ಡದಾಗುತ್ತ ಒಂದು ಮಾತ್ರ ಹಳದಿಯಾಯಿತು. ಈಗ ಅದೇ ಉಳಿದವನ್ನು ಅಟ್ಟಾಡಿಸುತ್ತದೆ.

ನಾನು: ಹಾಗಾದರೆ ಅವು ಇನ್ನೊಂದು ಜಾತಿ, ಕೆನ್ಯಿ! ಸೌಲೋಸಿ ಮರಿಗಳು ಹಳದಿಯಾಗಿರುತ್ತವೆ, ಗಂಡು ಬೆಳೆದು ನೀಲಿಯಾಗುತ್ತದೆ. ಕೆನ್ಯಿಯಲ್ಲಿ ಇದು ಪೂರ್ತಿ ತಿರುಗುಮುರುಗು: ಮರಿಗಳೂ ಹೆಣ್ಣೂ ನೀಲಿ, ಬಲಿತ ಗಂಡು ಹಳದಿ. 1977ರಲ್ಲಿ ವಿಜ್ಞಾನ ಗುರುತಿಸಿದ, ಈಗ ಮೆಟ್ರಿಯಾಕ್ಲಿಮಾ ಲೊಂಬಾರ್ಡೋಯಿ ಎಂದು ಕರೆಯುವ ಮೀನು ಇದು. ಒಂದೇ ಸರೋವರ, ಎರಡು ಜಾತಿ, ಎರಡು ಲೆಕ್ಕ. ಜಾತಿ ಗೊತ್ತಾಗದೆ ಗಂಡು ಹೆಣ್ಣು ಹೇಳುವುದು ಹೇಗೆ?

ತಮ್ಮ: ಕೆಳಗಿನ ರೆಕ್ಕೆಯಲ್ಲಿ ಮೊಟ್ಟೆಯಂತಹ ಚುಕ್ಕೆ ಇದ್ದರೆ ಗಂಡು ಎಂದು ಓದಿದ್ದೇನೆ. ಚಿತ್ರದಲ್ಲಿ ಒಂದು ಚುಕ್ಕೆ ಇದೆ.

ನಾನು: ಹೆಣ್ಣುಗಳಲ್ಲೂ ಆ ಚುಕ್ಕೆ ಇರುತ್ತದೆ. ಅದನ್ನೊಂದೇ ನಂಬಬೇಡ.

ದೊಡ್ಡಪ್ಪ: ನಮ್ಮ ಕರಾವಳಿಯ ಕ್ರೋಮೈಡ್ ಮೀನು ಕೂಡ ಸಿಕ್ಲಿಡ್ ಅಲ್ಲವೇ? ಅದು ಕಲ್ಲಿಗೆ ಮೊಟ್ಟೆ ಅಂಟಿಸಿ ಗಂಡು ಹೆಣ್ಣು ಎರಡೂ ಕಾವಲು ಕಾಯುತ್ತವೆ. ಬಾಯಿಯ ಕಥೆಯೇ ಇಲ್ಲ.

ನಾನು: ನಿಜ, ದೊಡ್ಡಪ್ಪ. ಆದರೆ ಮಲಾವಿಯ ಬಂಡೆಗಳ ನಡುವೆ ಬದುಕುವ ಈ ಗುಂಪಿನ ಹೆಣ್ಣು ಮೊಟ್ಟೆಯಿಟ್ಟ ಕೂಡಲೇ ಬಾಯೊಳಗೆ ತುಂಬಿಕೊಳ್ಳುತ್ತದೆ. ಸುಮಾರು ಮೂರು ವಾರ ಊಟವಿಲ್ಲದೆ ಮರಿಗಳನ್ನು ಹೊರುತ್ತದೆ.

ಭಾವ: ಮೀನಿಗೆ ಉಬ್ಬರ ರೋಗವೂ ಬರುತ್ತದೆ, ಆಗಲೂ ತಿನ್ನುವುದಿಲ್ಲ. ಜೊತೆಗೆ, ಸೋತ ಗಂಡು ಬಣ್ಣ ಬಿಡದೆ ನೀಲಿಯಾಗಿಯೇ ಉಳಿಯಬಹುದಲ್ಲವೇ?

ನಾನು: ಉಳಿಯಬಹುದು. ಅದಕ್ಕೇ ನಾನು ಬಣ್ಣದ ಮೇಲೆ ಪೂರ್ತಿ ಭಾರ ಹಾಕುತ್ತಿಲ್ಲ. ಉಬ್ಬರದಲ್ಲಿ ಹೊಟ್ಟೆ ಊದುತ್ತದೆ, ಇಲ್ಲಿ ಊದಿರುವುದು ದವಡೆಯ ಕೆಳಗಿನ ಚೀಲ. ಅಕ್ಕ, ಐದು ನಿಮಿಷ ಸುಮ್ಮನೆ ಕುಳಿತು ನೋಡು. ಆಗಾಗ ಏನನ್ನೋ ಅಗಿಯುವಂತೆ ಬಾಯಿ ಆಡಿಸುತ್ತಿದೆಯೇ?

ಅಕ್ಕ: ಹೌದು! ಏನನ್ನೋ ಮಗುಚುತ್ತಿರುವಂತಿದೆ. ಹೊಟ್ಟೆ ಸಪಾಟಾಗಿಯೇ ಇದೆ.

ನಾನು: ಮೊಟ್ಟೆಗಳನ್ನು ಹೊರಳಿಸುತ್ತಿದ್ದಾಳೆ. ಬಲೆ ಹಾಕಬೇಡ, ಹೆದರಿದರೆ ಉಗುಳಬಹುದು ಅಥವಾ ನುಂಗಬಹುದು. ಹಳದಿಯವನು ಅಟ್ಟದಂತೆ ನಾಲ್ಕು ಕಲ್ಲು ಜೋಡಿಸಿ ಮರೆ ಮಾಡಿಕೊಡು.

ಅಕ್ಕ: ಔಷಧಿ ಕಪಾಟಿಗೆ ಹೋಯಿತು.

ಚಿಕ್ಕಮ್ಮ: ಆ ಕಾರ್ಡನ್ನು ನಾನು ಇನ್ನೂ ಮೂರು ಗುಂಪುಗಳಿಗೆ ಕಳುಹಿಸಿಬಿಟ್ಟಿದ್ದೇನೆ. ಈಗ ಏನು ಬರೆಯಲಿ?

ನಾನು: ಸೌಲೋಸಿಗೆ ಮಾತ್ರ ಎಂದು ಬರೆಯಿರಿ, ಚಿಕ್ಕಮ್ಮ. ಅಕ್ಕನ ಚಿತ್ರವನ್ನೂ ಜೊತೆಗೆ ಹಾಕಿ.