ಪದಚರ್ಚೆ: ‘ಬೈಜಿಕ ಕುದಿಯುವಿಕೆ’ ಎನ್ನಬೇಕೋ, ‘ಗುಳ್ಳೆಗುದಿ’ ಎನ್ನಬಹುದೋ?

ಬಳಗದ ಹಿರಿಯರಿಗೂ ಗೆಳೆಯರಿಗೂ ರಾಯಚೂರಿನಿಂದ ನಮಸ್ಕಾರ.

ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗಾಗಿ ಉಷ್ಣ ವರ್ಗಾವಣೆಯ ಪಾಠಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ವಹನ, ಸಂವಹನ, ವಿಕಿರಣಗಳ ಅಧ್ಯಾಯಗಳು ಹೆಚ್ಚು ತಡೆಯಿಲ್ಲದೆ ಮುಗಿದವು. ಆ ಪದಗಳು ಶಾಲೆಯ ಪುಸ್ತಕಗಳಿಂದಲೇ ಹುಡುಗರ ಬಾಯಿಗೆ ಬಂದಿವೆ. ಕುದಿಯುವ ದ್ರವದಲ್ಲಿ ಗುಳ್ಳೆ ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ಕಾದ ಲೋಹದಿಂದ ಎಷ್ಟು ಉಷ್ಣವನ್ನು ಹೊತ್ತೊಯ್ಯುತ್ತದೆ ಎಂಬ ಅಧ್ಯಾಯಕ್ಕೆ ಬಂದಾಗ ಮಾತ್ರ ಸಾಲು ಸಾಲಿಗೂ ಲೇಖನಿ ನಿಂತಿತು. ಅಲ್ಲಿ ನನಗೆ ಎದುರಾದ ಪದಗಳನ್ನೂ ನಾನು ಯೋಚಿಸಿರುವ ಪರಿಹಾರಗಳನ್ನೂ ನಿಮ್ಮ ಮುಂದಿಡುತ್ತಿದ್ದೇನೆ.

ಮುಖ್ಯ ತೊಡಕು ‘ನ್ಯೂಕ್ಲಿಯೇಟ್ ಬಾಯ್ಲಿಂಗ್’ ಎಂಬುದರದು. ಕಾದ ತಳದ ಅಲ್ಲೊಂದು ಇಲ್ಲೊಂದು ತಾಣದಲ್ಲಿ ಆವಿಯ ಗುಳ್ಳೆಗಳು ಹುಟ್ಟಿ, ಬೆಳೆದು, ಕಳಚಿಕೊಂಡು ಮೇಲೇರುವ ಬಗೆಯ ಕುದಿತಕ್ಕೆ ಈ ಹೆಸರು. ಮೊದಲ ಕರಡಿನಲ್ಲಿ ನಾನು ಇದನ್ನು ‘ಬೈಜಿಕ ಕುದಿಯುವಿಕೆ’ ಎಂದು ಬರೆದಿದ್ದೆ. ಬೀಜದಿಂದ ಬೈಜಿಕ ಎಂಬ ವ್ಯುತ್ಪತ್ತಿಯಲ್ಲಿ ತಪ್ಪೇನೂ ಇಲ್ಲ. ಆದರೆ ಆ ಪುಟವನ್ನು ಓದಿದ ಎರಡನೇ ವರ್ಷದ ಹುಡುಗನೊಬ್ಬ ಎದ್ದು ನಿಂತು, ‘ಸರ್, ಇದು ಕೈಗಾದಾಗ ಆಗೋದೇನ್ರಿ?’ ಎಂದು ಕೇಳಿದ. ತಪ್ಪು ಅವನದಲ್ಲ. ಕನ್ನಡ ಪತ್ರಿಕೆಗಳಲ್ಲಿ ‘ಬೈಜಿಕ’ ಎಂದರೆ ಪರಮಾಣು ವಿದ್ಯುತ್ತಿಗೆ ಸಂಬಂಧಿಸಿದ್ದು ಎಂದೇ ಬಳಕೆಯಾಗಿ ನೆಲೆಗೊಂಡಿದೆ. ಅಷ್ಟೇ ಅಲ್ಲ, 1969ರಲ್ಲಿ ಕೆಲಸ ಆರಂಭಿಸಿದ ತಾರಾಪುರದ ಮೊದಲ ಎರಡು ರಿಯಾಕ್ಟರುಗಳಲ್ಲಿ ಇಂಧನದ ಸರಳುಗಳ ಸುತ್ತಲೇ ನೀರು ಕುದಿಯುತ್ತದೆ. ಹಾಗಾಗಿ ‘ಬೈಜಿಕ ಕುದಿಯುವಿಕೆ’ ಎಂಬ ಮಾತಿಗೆ ಬೇರೊಂದು ನಿಜವಾದ ಹಕ್ಕುದಾರನೇ ಇದ್ದಾನೆ. ಓದುಗನನ್ನು ಬೇರೆ ಊರಿಗೆ ಕರೆದೊಯ್ಯುವ ಪದ ಎಷ್ಟೇ ಶುದ್ಧವಾಗಿದ್ದರೂ ಪಾರಿಭಾಷಿಕವಾಗಿ ನಿಲ್ಲಲಾರದು ಎಂದು ನನಗನ್ನಿಸಿತು.

ಆದ್ದರಿಂದ ‘ಗುಳ್ಳೆಗುದಿ’ ಎಂಬ ಪದವನ್ನು ಸೂಚಿಸುತ್ತಿದ್ದೇನೆ. ‘ಮಳೆ’ಗೆ ‘ಕಾಲ’ ಸೇರಿ ‘ಮಳೆಗಾಲ’ ಆಗುವಂತೆ, ‘ಗುಳ್ಳೆ’ಗೆ ‘ಕುದಿ’ ಸೇರಿ ಆದೇಶ ಸಂಧಿಯಲ್ಲಿ ‘ಗುಳ್ಳೆಗುದಿ’ ಆಗುತ್ತದೆ. ‘ಕುದಿ’ ನಮ್ಮ ಮಾತಿನಲ್ಲಿ ಕ್ರಿಯಾಪದವೂ ಹೌದು, ನಾಮಪದವೂ ಹೌದು. ‘ಸಾರಿಗೆ ಒಂದು ಕುದಿ ಬರಲಿ’ ಎಂದು ಹೇಳದ ಅಡುಗೆಮನೆ ಇರಲಾರದು. ‘ಕುದಿಯುವಿಕೆ’ ಎಂಬ ಉದ್ದದ ರೂಪಕ್ಕಿಂತ ಇದು ಸಮಾಸಕ್ಕೆ ಸುಲಭವಾಗಿ ಒಗ್ಗುತ್ತದೆ. ಇದರ ಜೊತೆಯ ಪದವಾಗಿ, ‘ಫಿಲ್ಮ್ ಬಾಯ್ಲಿಂಗ್’ ಎಂಬುದಕ್ಕೆ, ಅಂದರೆ ತಳಕ್ಕೂ ದ್ರವಕ್ಕೂ ನಡುವೆ ಆವಿಯೇ ಹಾಸಿಕೊಂಡು ದ್ರವವು ಲೋಹವನ್ನು ಮುಟ್ಟದಂತಾಗುವ ಸ್ಥಿತಿಗೆ, ‘ಪೊರೆಗುದಿ’ ಎನ್ನಬಹುದು.

ಇಲ್ಲಿ ‘ಪದರ’ ಎನ್ನದೆ ‘ಪೊರೆ’ ಎಂದದ್ದಕ್ಕೆ ಕಾರಣವಿದೆ. ಗುಳ್ಳೆ ತಳಕ್ಕೆ ಅಂಟಿಕೊಂಡು ಬೆಳೆಯುವಾಗ ಅದರ ಅಡಿಯಲ್ಲಿ ಕೆಲವೇ ಮೈಕ್ರೊಮೀಟರ್ ದಪ್ಪದ ದ್ರವದ ಹಾಸು ಸಿಕ್ಕಿಕೊಳ್ಳುತ್ತದೆ. ಆ ಹಾಸು ಬಲುಬೇಗ ಆವಿಯಾಗಿ ಗುಳ್ಳೆಯನ್ನು ಉಣಿಸುತ್ತದೆ ಮತ್ತು ಲೋಹವನ್ನು ತಣಿಸುತ್ತದೆ. 1961ರಲ್ಲಿ ಮೂರ್ ಮತ್ತು ಮೆಸ್ಲರ್ ಎಂಬ ಸಂಶೋಧಕರು, ಗುಳ್ಳೆ ಹುಟ್ಟುವ ಜಾಗದಲ್ಲಿ ಲೋಹದ ಮೇಲ್ಮೈ ತಾಪ ಕ್ಷಣಮಾತ್ರದಲ್ಲಿ ಕುಸಿಯುವುದನ್ನು ಅಳೆದು, ಇಂಥದೊಂದು ಹಾಸು ಇರಲೇಬೇಕೆಂದು ವಾದಿಸಿದರು. ಇದಕ್ಕೆ ‘ಸೂಕ್ಷ್ಮ ಪದರ’ ಎನ್ನುವುದು ಸರಿಯಾಗಿ ಹೊಂದುತ್ತದೆ. ಈ ಪದರ ದ್ರವದ್ದು, ಉಷ್ಣವನ್ನು ಸಾಗಿಸುವಂಥದ್ದು. ಆ ಪೊರೆ ಆವಿಯದು, ಉಷ್ಣವನ್ನು ತಡೆಯುವಂಥದ್ದು. ಎರಡಕ್ಕೂ ‘ಪದರ’ ಎಂದೇ ಬರೆದರೆ ಒಂದಕ್ಕೊಂದು ವಿರುದ್ಧವಾದ ಎರಡು ಕೆಲಸಗಳು ಒಂದೇ ಹೆಸರಿನಲ್ಲಿ ಬೆರೆತುಹೋಗುತ್ತವೆ. ಕಣ್ಣಿಗೆ ಪೊರೆ ಬಂದಿದೆ ಎನ್ನುವಾಗಿನ ಆ ಮರೆಮಾಡುವ ಅರ್ಥವೇ ‘ಪೊರೆಗುದಿ’ಯಲ್ಲಿಯೂ ಇದೆ.

ಈ ಎರಡು ಸ್ಥಿತಿಗಳನ್ನು ನೋಡಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ನಮ್ಮ ಕಡೆ ಜೋಳದ ರೊಟ್ಟಿ ಬೇಯಿಸುವಾಗ ಹಂಚಿನ ಮೇಲಿನ ರೊಟ್ಟಿಗೆ ಒದ್ದೆ ಅರಿವೆಯಿಂದ ನೀರು ಸವರುತ್ತಾರೆ. ಆ ಅರಿವೆಯಿಂದ ಜಾರಿದ ಹನಿ ಹದವಾಗಿ ಕಾದ ಹಂಚಿನ ಮೇಲೆ ಬಿದ್ದರೆ ಚುಂಯ್ ಎಂದು ಹರಡಿ, ಗುಳ್ಳೆ ಎದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ಆರಿಹೋಗುತ್ತದೆ. ಹಂಚು ಅಳತೆ ಮೀರಿ, 200 ಡಿಗ್ರಿಯನ್ನು ಚೆನ್ನಾಗಿ ದಾಟಿ ಕಾದಿದ್ದರೆ ಅದೇ ಹನಿ ಸದ್ದು ಮಾಡದೆ, ಮುತ್ತಿನಂತೆ ದುಂಡಗಾಗಿ, ಹಂಚಿನ ಅಂಚಿನವರೆಗೂ ಉರುಳಾಡಿ, ಬಹಳ ಹೊತ್ತು ಉಳಿದುಕೊಳ್ಳುತ್ತದೆ. ಹೆಚ್ಚು ಕಾದ ಹಂಚಿನ ಮೇಲೆ ಹನಿ ಹೆಚ್ಚು ಹೊತ್ತು ಬಾಳುವ ಈ ಸೋಜಿಗವನ್ನು 1756ರಲ್ಲಿ ಜರ್ಮನಿಯ ಲೈಡೆನ್‌ಫ್ರಾಸ್ಟ್ ವಿವರವಾಗಿ ಬರೆದಿಟ್ಟರು. ಮೊದಲನೆಯದು ಗುಳ್ಳೆಗುದಿ, ಎರಡನೆಯದು ಪೊರೆಗುದಿ.

ಜಪಾನಿನ ನುಕಿಯಾಮಾ 1934ರಲ್ಲಿ ಇದನ್ನೇ ನೀರಿನಲ್ಲಿ ಮುಳುಗಿಸಿದ ತಂತಿಯಿಂದ ಅಳೆದರು. ತಂತಿಗೆ ಕೊಡುವ ವಿದ್ಯುತ್ತನ್ನು ಏರಿಸುತ್ತ ಹೋದಂತೆ ಗುಳ್ಳೆಗಳು ಹೆಚ್ಚುತ್ತವೆ, ತಂತಿಯ ತಾಪ ಮಾತ್ರ ನೀರಿನ ಕುದಿಬಿಂದುವಿಗಿಂತ ಕೆಲವು ಹತ್ತು ಡಿಗ್ರಿಗಳ ಒಳಗೇ ಇರುತ್ತದೆ. ಆಮೇಲೆ ಒಂದು ಮಿತಿಯಲ್ಲಿ ತಾಪ ಒಮ್ಮೆಗೇ ನೂರಾರು ಡಿಗ್ರಿ ಹಾರುತ್ತದೆ. ನಿಕ್ರೋಮ್ ತಂತಿ ಅಲ್ಲಿ ಕರಗಿಹೋಗುತ್ತಿತ್ತು. ಪ್ಲಾಟಿನಮ್ ತಂತಿ ಕೆಂಪಗೆ ಕಾದರೂ ಉಳಿಯಿತು. ಸಾಮಾನ್ಯ ವಾಯುಒತ್ತಡದ ನೀರಿಗೆ ಈ ಮಿತಿ ಚದರ ಸೆಂಟಿಮೀಟರಿಗೆ ಸುಮಾರು 100 ವ್ಯಾಟ್. ಇದನ್ನು ‘ಕ್ರಿಟಿಕಲ್ ಹೀಟ್ ಫ್ಲಕ್ಸ್’ ಎನ್ನುತ್ತಾರೆ. ನೀರಿಗೂ ಆವಿಗೂ ಭೇದವೇ ಅಳಿದುಹೋಗುವ ‘ಕ್ರಿಟಿಕಲ್ ಪಾಯಿಂಟ್’ ಬೇರೆಯೇ ಸಂಗತಿ. ಇಂಗ್ಲಿಷಿನಲ್ಲಿ ಇವೆರಡಕ್ಕೂ ಒಂದೇ ವಿಶೇಷಣ ಇರುವುದರಿಂದ ಕನ್ನಡದಲ್ಲೂ ಹಾಗೇ ಇರಬೇಕೆಂಬ ಕಟ್ಟಳೆಯಿಲ್ಲ. ಮೊದಲನೆಯದನ್ನು ‘ಗುಳ್ಳೆಗುದಿಯ ಮೇರೆ’ ಎಂದು ಬರೆಯುತ್ತಿದ್ದೇನೆ. ಮೇರೆ ಮೀರಿದರೆ ಪೊರೆಗುದಿ, ಬಾಯ್ಲರಿನ ಕೊಳವೆ ಸುಡುತ್ತದೆ; ವಾಕ್ಯ ತಾನಾಗಿ ಕೂಡಿಬರುತ್ತದೆ.

ಗುಳ್ಳೆ ಎಂಬ ಪದದ ಬಗ್ಗೆಯೂ ಎರಡು ಮಾತು. ‘ಬುದ್ಬುದ’ ಎಂದು ಬರೆಯಬೇಕೆಂದು ಸಹೋದ್ಯೋಗಿಯೊಬ್ಬರು ಹೇಳಿದರು. ಬಸವಣ್ಣನವರು ‘ನೀರ ಬೊಬ್ಬುಳಿಕೆ’ ಎಂದರು. ಆ ಪದ ನನಗೆ ಬಹಳ ಪ್ರಿಯವಾದರೂ ಇಂದಿನ ಹುಡುಗರಿಗೆ ಅದನ್ನು ಮತ್ತೆ ಕಲಿಸಬೇಕಾಗುತ್ತದೆ. ‘ಗುಳ್ಳೆ’ ಎಲ್ಲರಿಗೂ ಗೊತ್ತು. ನೀರು ಕಾಯಲು ಆರಂಭಿಸಿದಾಗ ಪಾತ್ರೆಯ ಗೋಡೆಗೆ ಅಂಟಿಕೊಳ್ಳುವ ಸಣ್ಣ ಗುಳ್ಳೆಗಳು ನೀರಿನಲ್ಲಿ ಕರಗಿದ್ದ ಗಾಳಿಯವು. ಕುದಿತದ ಗುಳ್ಳೆಗಳು ಆವಿಯವು. ಭೇದ ತೋರಿಸಬೇಕಾದಲ್ಲಿ ‘ಗಾಳಿಗುಳ್ಳೆ’, ‘ಆವಿಗುಳ್ಳೆ’ ಎಂದರೆ ಸಾಕು.

ಗುಳ್ಳೆ ಹುಟ್ಟುವ ತಾಣಕ್ಕೆ, ಅಂದರೆ ‘ನ್ಯೂಕ್ಲಿಯೇಶನ್ ಸೈಟ್’ಗೆ, ಏನೆನ್ನುವುದು? ಲೋಹದ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಗೀರು, ಕುಳಿಗಳಿರುತ್ತವೆ. ಅವುಗಳಲ್ಲಿ ಸಿಕ್ಕಿಬಿದ್ದ ಚೂರು ಗಾಳಿ ಅಥವಾ ಆವಿಯೇ ಗುಳ್ಳೆಗೆ ಮೂಲ. ಗಾಜಿನ ಪಾತ್ರೆಯಲ್ಲಿ ನೀರು ಕುದಿಸಿ ನೋಡಿದರೆ, ತಳದ ಅದೇ ಒಂದು ಚುಕ್ಕೆಯಿಂದ ಗುಳ್ಳೆಗಳು ಸರ ಪೋಣಿಸಿದಂತೆ ಒಂದರ ಹಿಂದೊಂದು ಏಳುವುದು ಕಾಣುತ್ತದೆ. ಇದನ್ನು ನೋಡಿದಾಗಲೆಲ್ಲ ನನಗೆ ಬೇಸಿಗೆಯಲ್ಲಿ ಹೊಳೆಯ ಉಸುಕಿನಲ್ಲಿ ತೋಡಿದ ಗುಂಡಿಯೊಳಗೆ ಸೆಲೆ ಒಡೆಯುವ ನೆನಪಾಗುತ್ತದೆ. ಹಾಗಾಗಿ ‘ಗುಳ್ಳೆಸೆಲೆ’ ಎಂದು ಬರೆದಿದ್ದೇನೆ. ತಾಪ ಏರಿದಂತೆ ಹೊಸ ಸೆಲೆಗಳು ಒಡೆಯುತ್ತವೆ. ಕುಳಿಯೊಳಗಿನ ಅನಿಲವೆಲ್ಲ ಹೊರಟುಹೋಗಿ ನೀರು ನುಗ್ಗಿದರೆ ಸೆಲೆ ಬತ್ತುತ್ತದೆ. ‘ಸಕ್ರಿಯ’, ‘ನಿಷ್ಕ್ರಿಯ’ ಎಂಬ ಒಣ ವಿಶೇಷಣಗಳ ಅಗತ್ಯವೇ ಬೀಳುವುದಿಲ್ಲ.

ಇನ್ನು ಗುಳ್ಳೆ ‘ಬೆಳೆಯುತ್ತದೆ’ಯೋ, ‘ಹಿಗ್ಗುತ್ತದೆ’ಯೋ, ‘ಉಬ್ಬುತ್ತದೆ’ಯೋ? ಈ ಪ್ರಶ್ನೆಗೆ ಉತ್ತರ ವಿಜ್ಞಾನದಲ್ಲೇ ಇದೆ ಎಂದು ನನ್ನ ಭಾವನೆ. ಇದ್ದ ವಸ್ತುವೇ ಹೆಚ್ಚು ಜಾಗ ಹಿಡಿದರೆ ಅದು ಹಿಗ್ಗುವುದು. ಕಬ್ಬಿಣದ ಹಳಿ ಬಿಸಿಲಿಗೆ ಹಿಗ್ಗುತ್ತದೆ. ಹೊಸ ವಸ್ತು ಬಂದು ಸೇರಿಕೊಂಡು ದೊಡ್ಡದಾದರೆ ಅದು ಬೆಳೆಯುವುದು. ಆವಿಗುಳ್ಳೆಯ ಸುತ್ತಲಿನ ನೀರು ಕುದಿಬಿಂದುವಿಗಿಂತ ತುಸು ಹೆಚ್ಚು ಕಾದಿರುತ್ತದೆ; ಆ ಹೆಚ್ಚಳದ ಉಷ್ಣ ಗುಳ್ಳೆಯ ಗೋಡೆಗೆ ಹರಿದು ಅಲ್ಲಿನ ನೀರನ್ನು ಆವಿಯಾಗಿಸಿ ಒಳಕ್ಕೆ ಸೇರಿಸುತ್ತದೆ. ಹುಟ್ಟಿದ ಕೂಡಲೇ, ಅತ್ಯಲ್ಪ ಹೊತ್ತು, ಸುತ್ತಲಿನ ನೀರನ್ನು ಪಕ್ಕಕ್ಕೆ ತಳ್ಳುವುದೇ ಗುಳ್ಳೆಗೆ ಕಷ್ಟದ ಕೆಲಸ. ಆ ಘಟ್ಟವನ್ನು 1917ರ ರೇಲಿಯವರ ವಿಶ್ಲೇಷಣೆಯಿಂದ ಬಂದ ಸಮೀಕರಣ ಹೇಳುತ್ತದೆ ಮತ್ತು ಅಲ್ಲಿ ತ್ರಿಜ್ಯವು ಕಾಲದೊಂದಿಗೆ ಸಮಸಮವಾಗಿ ಏರುತ್ತದೆ. ಆಮೇಲೆ ಉಷ್ಣ ಬಂದು ತಲುಪುವ ವೇಗವೇ ಬೆಳವಣಿಗೆಯನ್ನು ಹಿಡಿದಿಡುತ್ತದೆ. 1954ರಲ್ಲಿ ಪ್ಲೆಸೆಟ್ ಮತ್ತು ಜ್ವಿಕ್ ತೋರಿಸಿದಂತೆ ಆಗ ತ್ರಿಜ್ಯವು ಕಾಲದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ: ಒಂದು ಮಿಲಿಸೆಕೆಂಡಿನಲ್ಲಿ ಇದ್ದ ತ್ರಿಜ್ಯ ಇಮ್ಮಡಿಯಾಗಲು ಮೊದಲಿನಿಂದ ಒಟ್ಟು ನಾಲ್ಕು ಮಿಲಿಸೆಕೆಂಡು ಬೇಕು. ಈ ಎರಡು ಘಟ್ಟಗಳನ್ನು ಒಂದೇ ಸೂತ್ರದಲ್ಲಿ ಹೊಲಿದವರು ಮಿಕಿಚ್, ರೋಸೆನೋ ಮತ್ತು ಗ್ರಿಫಿತ್, 1970ರಲ್ಲಿ. ಎಲ್ಲ ಘಟ್ಟಗಳಲ್ಲೂ ಗುಳ್ಳೆಗೆ ಆವಿ ಬಂದು ಸೇರುತ್ತಲೇ ಇರುವುದರಿಂದ ‘ಗುಳ್ಳೆಯ ಬೆಳವಣಿಗೆ’ ಎಂಬುದೇ ಸರಿ. ‘ವಿಸ್ತರಣೆ’ ಎಂದು ಬರೆದ ಟಿಪ್ಪಣಿಗಳನ್ನು ನೋಡಿದ್ದೇನೆ. ಅದು ಅರ್ಥವನ್ನು ಕೆಡಿಸುತ್ತದೆ.

ಬೆಳೆದ ಗುಳ್ಳೆ ತಳವನ್ನು ಬಿಡುವುದಕ್ಕೆ ‘ನಿರ್ಗಮನ’ ಎಂದು ಬರೆದಿದ್ದೆ. ಅದು ಬಸ್ ನಿಲ್ದಾಣದ ಬಾಗಿಲ ಮೇಲಿನ ಪದವಾಯಿತು. ಗುಳ್ಳೆಯನ್ನು ಮೇಲ್ಮೈ ಎಳೆತ ಕೆಳಗೆ ಹಿಡಿದಿರುತ್ತದೆ, ತೇಲುಬಲ ಮೇಲಕ್ಕೆಳೆಯುತ್ತದೆ. ಕೊನೆಗೆ ಬುಡದ ಕತ್ತು ಸಣ್ಣಗಾಗಿ ಹರಿಯುತ್ತದೆ. ಹಣ್ಣು ತೊಟ್ಟು ಕಳಚುವುದಕ್ಕೂ ಇದಕ್ಕೂ ಇರುವ ಹೋಲಿಕೆ ಎದ್ದು ಕಾಣುವುದರಿಂದ ‘ಕಳಚುವಿಕೆ’, ‘ಕಳಚುವ ವ್ಯಾಸ’ ಎಂದಿದ್ದೇನೆ. ನೀರಿನಲ್ಲಿ ಸಾಮಾನ್ಯ ಒತ್ತಡದಲ್ಲಿ ಈ ವ್ಯಾಸ ಎರಡು ಮೂರು ಮಿಲಿಮೀಟರ್ ಇರುತ್ತದೆ.

‘ಮಾಡೆಲ್’ಗೆ ‘ಮಾದರಿ’ ರೂಢಿಯಾಗಿದೆ, ಬದಲಿಸಲು ಕಾರಣ ಕಾಣುವುದಿಲ್ಲ.

ನಮ್ಮ ಸೀಮೆಯ ಒಂದು ಕ್ರಿಯಾಪದವನ್ನು ಇಲ್ಲಿ ಹೇಳದೆ ಇರಲಾರೆ. ನಮ್ಮ ಅವ್ವ ರೊಟ್ಟಿ ಹಿಟ್ಟಿಗೆ ಎಸರಿಟ್ಟಾಗ ‘ನೀರು ಕುದಿಯುತ್ತಿದೆ’ ಎನ್ನುವುದಿಲ್ಲ, ‘ಎಸರು ಮಳ್ಳಾಕತ್ತಾವ’ ಎನ್ನುತ್ತಾಳೆ. ಬರಹದಲ್ಲಿ ಇದು ‘ಮರಳು’. ತಳದಲ್ಲಿ ಗುಳ್ಳೆ ಮೂಡಿ ಮೇಲೆ ಬರುವಷ್ಟರಲ್ಲಿ ಕರಗಿ, ಸುಂಯ್ ಎಂಬ ಸದ್ದು ಮಾತ್ರ ಕೇಳುವ ಹೊತ್ತಿಗೆ ಅವಳ ಲೆಕ್ಕದಲ್ಲಿ ನೀರು ಇನ್ನೂ ‘ಕಾಯುತ್ತಿರುತ್ತವೆ’. ಮೇಲ್ಮೈಯೆಲ್ಲ ಹೊರಳಾಡಿದಾಗ ಮಾತ್ರ ‘ಮಳ್ಳುತ್ತವೆ’. ಇಡೀ ನೀರು ಕುದಿಬಿಂದುವನ್ನು ಮುಟ್ಟುವ ಮೊದಲೇ ತಳದಲ್ಲಿ ನಡೆಯುವ ಕುದಿತವನ್ನೂ ಪೂರ್ಣ ಕುದಿತವನ್ನೂ ವಿಜ್ಞಾನವು ಹೀಗೆಯೇ ಬೇರ್ಪಡಿಸುತ್ತದೆ. ಎರಡನೆಯದಕ್ಕೆ ‘ಮರಳುಗುದಿ’ ಎನ್ನೋಣವೆಂದರೆ, ದಕ್ಷಿಣದ ಜಿಲ್ಲೆಗಳ ಓದುಗರಿಗೆ ‘ಮರಳು’ ಎಂದರೆ ಹೊಳೆಯ ಮರಳು. ನಮಗೆ ಅದು ಉಸುಕು, ಆದ್ದರಿಂದ ಇಲ್ಲಿ ಗೊಂದಲವಿಲ್ಲ. ಒಂದು ಸೀಮೆಯ ಸ್ಪಷ್ಟತೆ ಇನ್ನೊಂದು ಸೀಮೆಯ ತೊಡಕಾಗುವಾಗ ಯಾವ ಪದ ಆರಿಸಬೇಕೆಂಬುದನ್ನು ನಾನೊಬ್ಬನೇ ತೀರ್ಮಾನಿಸಲಾರೆ.

ಕೊನೆಯ ಪ್ರಶ್ನೆ ನಮ್ಮ ಊರಿನ ಬಾಯ್ಲರ್‌ಗಳದೇ. ಒಂದು ವಾಯುಒತ್ತಡದಲ್ಲಿ ನೀರು ಆವಿಯಾದರೆ ಸುಮಾರು 1,600 ಪಟ್ಟು ಜಾಗ ಹಿಡಿಯುತ್ತದೆ. 150 ಬಾರ್ ಒತ್ತಡದಲ್ಲಿ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಒಂದು ವಾಯುಒತ್ತಡ) ಕೇವಲ ಆರು ಪಟ್ಟು. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ 210 ಮೆಗಾವ್ಯಾಟ್ ಘಟಕಗಳಂಥ, ಆವಿಯನ್ನು ನೀರಿನಿಂದ ಬೇರ್ಪಡಿಸುವ ಡ್ರಮ್ ಇರುವ ಬಾಯ್ಲರ್‌ಗಳಲ್ಲಿ ಈ ಆಸುಪಾಸಿನ ಒತ್ತಡದಲ್ಲಿ ಗುಳ್ಳೆಗಳು ಏಳುತ್ತವೆ. ಯರಮರಸ್‌ನ 800 ಮೆಗಾವ್ಯಾಟ್ ಘಟಕಗಳು ಸೂಪರ್‌ಕ್ರಿಟಿಕಲ್ ಬಗೆಯವು, ಅಂದರೆ ಮೇಲೆ ಹೇಳಿದ ‘ಕ್ರಿಟಿಕಲ್ ಪಾಯಿಂಟ್’ ಮೀರಿದ ಒತ್ತಡದಲ್ಲಿ ನಡೆಯುವಂಥವು. ಪೂರ್ಣ ಹೊರೆಯಲ್ಲಿ ಅಲ್ಲಿನ ಒತ್ತಡ 221 ಬಾರ್ ಮೀರಿರುವುದರಿಂದ ಗುಳ್ಳೆಯೂ ಇಲ್ಲ, ನೀರು ಮತ್ತು ಆವಿಯ ನಡುವೆ ಗಡಿಯೂ ಇಲ್ಲ. ನೀರು ಒಳಗೆ ಹೋಗುತ್ತದೆ, ಆವಿ ಹೊರಗೆ ಬರುತ್ತದೆ, ನಡುವೆ ಎಲ್ಲಿಯೂ ಕುದಿಯುವುದಿಲ್ಲ. ಅಲ್ಲಿ ದುಡಿಯುವ ನನ್ನ ಹಳೆಯ ವಿದ್ಯಾರ್ಥಿಗಳು ಮಾತಿನಲ್ಲಿ ‘ಸ್ಟೀಮ್ ಆಗ್ತದ್ರಿ’ ಎಂದು ಮುಗಿಸುತ್ತಾರೆ. ಪಾಠದಲ್ಲಿ ನಾನು ಬರೆಯಬೇಕಾದ ಕ್ರಿಯಾಪದ ಯಾವುದು? ‘ಆವಿಯಾಗು’ ಎಂದರೆ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟಿದಂತೆ, ಅಲ್ಲಿ ದಾಟಲು ಗಡಿಯೇ ಇಲ್ಲ. ‘ತೆಳುವಾಗು’ ಎಂದು ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ಗಂಗಾವತಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳ ಬಾಯ್ಲರ್ ನೋಡಿಕೊಳ್ಳುವವರ ಮಾತು ಬಲ್ಲವರೂ, ಕಾದ ಹಂಚಿನ ಮೇಲೆ ಉರುಳಾಡುವ ಆ ಹನಿಗೆ ತಮ್ಮ ಮನೆಗಳಲ್ಲಿ ಏನೆನ್ನುತ್ತಾರೆಂದು ನೆನಪಿರುವವರೂ ದಯವಿಟ್ಟು ಬರೆಯಬೇಕು.